ಮನೆಗೊಬ್ಬ ನೀರುಗಂಟಿ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬೊಮ್ಮನಹಳ್ಳಿ, ಕೂಡ್ಲು ಗೇಟುಗಳನ್ನು ದಾಟಿದರೆ ಸಿಂಗಸಂದ್ರ. ಹೊಂಗಸಂದ್ರ, ಬೊಮ್ಮಸಂದ್ರಗಳಂತೆ ಇದೂ ಒಂದು ‘ಸಂದ್ರ’ದ ಊರು. ‘ಸಮುದ್ರ’ವೆಂಬ ಮಾತೇ ಜನರ ನಾಲಗೆಯಲ್ಲಿ ಸವೆದು ‘ಸಂದ್ರ’ವಾಯಿತೆಂದು ಬಲ್ಲವರು ಹೇಳುತ್ತಾರೆ. ಕಡಲನ್ನು ಕಾಣದ ಬಯಲುಸೀಮೆಯವರು ತಮ್ಮ ಕೆರೆಗಳನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟರು. ಕೆರೆಯುಳ್ಳ ಊರಿನಲ್ಲಿ ನೀರುಗಂಟಿಯೂ ಇರುತ್ತಿದ್ದ. ತೂಬನ್ನೆತ್ತಿ ಗದ್ದೆಗದ್ದೆಗೆ ನೀರು ಹಂಚುವುದು ಅವನ ಕೆಲಸ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವೂ ಇದ್ದಿತು. ಏರಿಯ ಉದ್ದಕ್ಕೂ ನಡೆದು, ಎಲ್ಲಿಯಾದರೂ ಏಡಿ ಬಿಲ ತೋಡಿದೆಯೇ, ಹೆಗ್ಗಣ ಮಣ್ಣು ಕೆದರಿದೆಯೇ ಎಂದು ನೋಡುವುದು. ಕೈ ತೂರುವಷ್ಟು ಬಿಲವಿದ್ದರೆ ಸಾಕು, ಮಳೆಗಾಲದ ಒಂದು ರಾತ್ರಿಯಲ್ಲಿ ಏರಿ ಒಡೆದು ಹೋದೀತು.

ಇಂದಿನ ಸಿಂಗಸಂದ್ರದಲ್ಲಿ ಹೊಲಗದ್ದೆಗಳಿದ್ದ ಕಡೆ ಬಡಾವಣೆಗಳೂ ಬಹುಮಹಡಿ ವಸತಿಗಳೂ ಎದ್ದಿವೆ. ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಅದರ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ, 1978ರಲ್ಲಿ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ನೆಲೆಗೊಳಿಸಿತು. ಹೆದ್ದಾರಿಯ ಮೇಲೆ 2010ರಲ್ಲಿ ಮೇಲುರಸ್ತೆ ಬಂದಿತು. 2025ರ ಆಗಸ್ಟ್ ತಿಂಗಳಲ್ಲಿ ಹಳದಿ ಮಾರ್ಗದ ಮೆಟ್ರೋ ರೈಲೂ ಬಂದು ಸಿಂಗಸಂದ್ರಕ್ಕೆ ತನ್ನದೇ ಆದ ನಿಲ್ದಾಣ ದೊರೆಯಿತು. ಪ್ರತಿದಿನ ಬೆಳಗ್ಗೆ ಈ ಭಾಗದಿಂದ ಕೆಲಸಕ್ಕೆ ಹೊರಡುವವರಲ್ಲಿ, ದೂರದೇಶದ ಬ್ಯಾಂಕು ಆಸ್ಪತ್ರೆಗಳ ಕಂಪ್ಯೂಟರ್ ಜಾಲಗಳನ್ನು ಹಗಲಿರುಳು ಕಾಯುವುದೇ ವೃತ್ತಿಯಾಗಿರುವವರೂ ಇದ್ದಾರೆ.

ಅಂತಹ ಕಾವಲುಗಾರರು ಸಂಜೆ ಮನೆಗೆ ಮರಳುತ್ತಾರೆ. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲಿಗೆ ಅಗುಳಿ, ಅಡುಗೆಯ ಅನಿಲಕ್ಕೆ ತಿರುಪು, ಎಲ್ಲವನ್ನೂ ಮನೆಯವರು ಮಲಗುವ ಮುನ್ನ ಒಮ್ಮೆ ನೋಡಿಕೊಳ್ಳುತ್ತಾರೆ. ಟೆಲಿವಿಷನ್ನಿನ ಪಕ್ಕದಲ್ಲಿ ಹಸಿರು ದೀಪ ಮಿನುಗಿಸುತ್ತ ಕುಳಿತ ಸಣ್ಣ ಪೆಟ್ಟಿಗೆಯೊಂದನ್ನು ಮಾತ್ರ ಯಾರೂ ನೋಡುವುದಿಲ್ಲ. ಮನೆಗೆ ಇಂಟರ್‌ನೆಟ್ ತರುವ ರೂಟರ್ ಅದು. ನೆಟ್ ಹಾಕಲು ಬಂದ ಹುಡುಗ ಅಂದು ಏನನ್ನು ಬರೆದು ಹೋದನೋ ಇಂದಿಗೂ ಅದೇ ಪಾಸ್‌ವರ್ಡು. ಜಗತ್ತೆಲ್ಲ ಮನೆಯೊಳಕ್ಕೆ ಬರುವುದು ಆ ಬಾಗಿಲಿನಿಂದಲೇ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಅಗುಳಿ ಇದೆಯೇ ಎಂಬುದು ಮಾತ್ರ ಬಹುಮಂದಿಗೆ ಗೊತ್ತಿಲ್ಲ.

ಕರ್ನಾಟಕ ಕಂಡ ಪಾಠ

ಈ ಅಲಕ್ಷ್ಯಕ್ಕೆ ಬೆಲೆ ಎಷ್ಟೆಂಬುದನ್ನು ಕರ್ನಾಟಕ 2017ರ ಜುಲೈ ಕೊನೆಯ ವಾರದಲ್ಲಿ ಕಂಡಿತು. ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಸಂಪರ್ಕವಿದ್ದ ಮನೆಗಳಲ್ಲಿ ಮೋಡೆಮ್‌ಗಳು ಇದ್ದಕ್ಕಿದ್ದಂತೆ ನಿಷ್ಕ್ರಿಯವಾದವು. ನಿಗಮದ ಮುಖ್ಯ ಜಾಲಕ್ಕೆ ಏನೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ಗ್ರಾಹಕರ ಮನೆಯ ಪೆಟ್ಟಿಗೆಗಳಿಗೆ. ಅದರಲ್ಲಿಯೂ, ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟಿದ್ದ ಪೆಟ್ಟಿಗೆಗಳಿಗೆ. ಕೆಟ್ಟ ಮೋಡೆಮ್‌ಗಳ ಸಂಖ್ಯೆ 60 ಸಾವಿರವನ್ನು ಮೀರಿತೆಂದು ಅಂದಿನ ವರದಿಗಳು ಹೇಳಿದವು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿರೆಂದು ನಿಗಮವು ಗ್ರಾಹಕರಿಗೆ ತಿಳಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಇದನ್ನು ಮಾಡಿದವನು ತಾನೆಂದು ಒಬ್ಬ ಅನಾಮಧೇಯ ಹೇಳಿಕೊಂಡ. ‘ಬ್ರಿಕರ್‌ಬಾಟ್’ ಎಂಬ ಕೇಡಿನ ತಂತ್ರಾಂಶ ಅವನ ಸೃಷ್ಟಿ. ಯಂತ್ರವನ್ನು ಇಟ್ಟಿಗೆಯಂತೆ ಜಡವಾಗಿಸುವುದೇ ಅದರ ಕೆಲಸವಾದ್ದರಿಂದ ಆ ಹೆಸರು. ಅವನ ವಾದವೂ ಸೋಜಿಗದ್ದು. ಬೀಗವಿಲ್ಲದ ಯಂತ್ರಗಳನ್ನು ತಾನು ಕೆಡಿಸದಿದ್ದರೆ ಕಳ್ಳರು ಅವುಗಳನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾರೆ, ಆದುದರಿಂದ ತಾನು ಮಾಡುತ್ತಿರುವುದು ಲೋಕೋಪಕಾರ! ಊರಿನ ಮನೆಗಳ ಬಾಗಿಲು ತೆರೆದಿರುವುದನ್ನು ಕಂಡು, ಕಳ್ಳರು ಬಂದಾರೆಂದು ಮನೆಗಳಿಗೇ ಬೆಂಕಿ ಇಡುವವನ ನ್ಯಾಯವಿದು.

ಆದರೆ ಅವನು ಹೇಳಿದ ಸೈನ್ಯ ಕಟ್ಟುಕತೆಯಾಗಿರಲಿಲ್ಲ. ಅದಕ್ಕೆ ಹಿಂದಿನ ವರ್ಷವೇ, ಅಂದರೆ 2016ರಲ್ಲಿ, ‘ಮಿರಾಯ್’ ಎಂಬ ತಂತ್ರಾಂಶ ಜಗತ್ತಿನಾದ್ಯಂತ ಮನೆಗಳ ರೂಟರ್, ಕ್ಯಾಮೆರಾಗಳನ್ನು ಹುಡುಕಿ ಹುಡುಕಿ ವಶಪಡಿಸಿಕೊಂಡಿದ್ದಿತು. ಅದರ ಆಯುಧ ಬಹು ಸರಳ. ಕಾರ್ಖಾನೆಗಳು ಇಡುವ 60ಕ್ಕೂ ಹೆಚ್ಚು ಹೆಸರು–ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಒಂದಾದ ಮೇಲೊಂದರಂತೆ ಅವುಗಳನ್ನು ಪ್ರಯೋಗಿಸುವುದು, ಅಷ್ಟೆ. 2016ರ ಅಕ್ಟೋಬರ್ 21ರಂದು ಈ ಸೆರೆಯಾಳು ಯಂತ್ರಗಳೆಲ್ಲ ಒಮ್ಮೆಗೇ ಅಮೆರಿಕದ ಡಿನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಹೆಸರಾಂತ ತಾಣಗಳು ಬಹಳ ಜನರಿಗೆ ಗಂಟೆಗಟ್ಟಲೆ ದೊರೆಯದೆ ಹೋದವು. ಮಿರಾಯ್ ಅನ್ನು ಹೆಣೆದವರು ಮೂವರು ಅಮೆರಿಕನ್ ತರುಣರು; 2017ರ ಡಿಸೆಂಬರ್‌ನಲ್ಲಿ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡದ್ದು ಬಹಿರಂಗವಾಯಿತು. ತನ್ನ ಹಜಾರದ ಕ್ಯಾಮೆರಾ ದೂರದೇಶದಲ್ಲೊಂದು ದಾಳಿಗೆ ಹೋಗಿ ಬಂದಿತೆಂಬುದು ಎಷ್ಟೋ ಮನೆಗಳ ಯಜಮಾನರಿಗೆ ಇಂದಿಗೂ ತಿಳಿದಿರಲಾರದು.

ಪರರ ಪಾಪ, ಮನೆಯವರ ತಲೆಗೆ

“ನಮ್ಮ ಮನೆಯಲ್ಲಿ ಕದಿಯುವಂಥದು ಏನಿದೆ?” ಎಂದು ಕೇಳುವವರುಂಟು. ಕಳ್ಳನು ಕೆಲವೊಮ್ಮೆ ಕದಿಯುವುದು ಮನೆಯ ವಿಳಾಸವನ್ನು.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಬೆದರಿಕೆಯ ಇ-ಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದಾಗ ನವಿ ಮುಂಬಯಿಯ ಒಂದು ಮನೆಯ ಬಾಗಿಲು ತಲುಪಿದರು. ಅಲ್ಲಿದ್ದವನು ಒಬ್ಬ ಅಮೆರಿಕನ್ ಪ್ರಜೆ. ಅವನ ವೈಫೈಗೆ ಬೀಗವಿರಲಿಲ್ಲ. ಹೊರಗಿನವರು ಅದನ್ನು ಬಳಸಿ ಪತ್ರ ಕಳಿಸಿದ್ದರು. ಅವನಿಗೂ ಆ ಘೋರಕೃತ್ಯಕ್ಕೂ ಸಂಬಂಧವಿಲ್ಲವೆಂಬುದು ಸ್ಪಷ್ಟವಾಗುವ ತನಕ ಅವನು ವಿಚಾರಣೆಗಳನ್ನು ಎದುರಿಸಬೇಕಾಯಿತು. ಮರುವರ್ಷ, 2009ರಲ್ಲಿ, ವೈಫೈ ಸಂಪರ್ಕಗಳನ್ನು ಭದ್ರಗೊಳಿಸಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ ಸೇವಾದಾರ ಸಂಸ್ಥೆಗಳಿಗೆ ಸೂಚನೆ ನೀಡಿತು.

ಗೋಡೆಗೆ ಗೋಡೆ ತಾಗಿದ ಸಿಂಗಸಂದ್ರದಂತಹ ಕಡೆಯಲ್ಲಿ ಈ ಪ್ರಸಂಗವನ್ನು ನೆನೆಯುವುದು ಅಗತ್ಯ. ವೈಫೈಗೆ ಕಾಂಪೌಂಡಿನ ಗೋಡೆ ಗೊತ್ತಿಲ್ಲ. ಮೊದಲ ಮಹಡಿಯ ಸಂಕೇತ ಮೂರನೆಯ ಮಹಡಿಗೂ ಹೋಗುತ್ತದೆ, ಎದುರಿನ ಪಿ.ಜಿ. ವಸತಿಗೂ ಹೋಗುತ್ತದೆ, ಬೀದಿಯಲ್ಲಿ ನಿಂತ ಕಾರಿನೊಳಕ್ಕೂ ಹೋಗುತ್ತದೆ. 2020ರ ಮಹಾಮಾರಿಯ ಕಾಲದಿಂದ ಆಫೀಸಿನ ಕೆಲಸವೂ ಮನೆಗೆ ಬಂದಿದೆ. ಕೋಟಿಗಟ್ಟಲೆ ವೆಚ್ಚದ ಕಂಪನಿಯ ಕೋಟೆಗೋಡೆ ಈಗ ಮನೆಯ ಊಟದ ಮೇಜಿನ ತನಕ ಚಾಚಿಕೊಂಡಿದೆ. ಅದರ ಕೊನೆಯ ಇಟ್ಟಿಗೆ ಆ ಹಸಿರು ದೀಪದ ಪೆಟ್ಟಿಗೆ.

ಏರಿಯ ಮೇಲೆ ನಡೆಯುವವರಿಲ್ಲವೆಂಬುದೇ ಇಲ್ಲಿನ ಕೊರತೆ. ಆ ಕೆಲಸಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಒಂದು ಭಾನುವಾರದ ಬೆಳಗಿನ ಬಿಡುವು, ಒಂದು ಕಾಗದ, ಒಂದು ಪೆನ್ಸಿಲು ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಇನ್ನೂ ಸುಲಭ.

ಮೊದಲು ಜನಗಣತಿ

ಪರೀಕ್ಷೆಯ ಮೊದಲ ಹೆಜ್ಜೆ ಮನೆಯ ಜಾಲದಲ್ಲಿ ಯಾರು ಯಾರು ಇದ್ದಾರೆಂದು ಎಣಿಸುವುದು. ತಂದೆಯ ಮೊಬೈಲು, ತಾಯಿಯ ಮೊಬೈಲು, ಆಫೀಸಿನ ಲ್ಯಾಪ್‌ಟಾಪು, ಟೆಲಿವಿಷನ್, ಬಾಗಿಲ ಮೇಲಿನ ಕ್ಯಾಮೆರಾ, ಅಜ್ಜಿ ಸುಪ್ರಭಾತ ಕೇಳುವ ಮಾತಾಡುವ ಸ್ಪೀಕರು, ಮುದ್ರಣಯಂತ್ರ. ನಾಲ್ವರ ಸಂಸಾರದಲ್ಲಿ ಇಂತಹ ವಸ್ತುಗಳು ಹತ್ತು ಹನ್ನೆರಡಾಗುವುದು ಅಪರೂಪವಲ್ಲ. ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು.

ಅನಂತರ ರೂಟರಿನ ಲೆಕ್ಕ ನೋಡಬೇಕು. ಮನೆಯ ವೈಫೈಗೆ ಸೇರಿದ ಕಂಪ್ಯೂಟರಿನಲ್ಲಿ ರೂಟರಿನ ಒಳವಿಳಾಸವನ್ನು ಬರೆದರೆ ಅದರ ನಿರ್ವಹಣೆಯ ಪುಟ ತೆರೆಯುತ್ತದೆ. ಈ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ, ಪೆಟ್ಟಿಗೆಯ ತಳದಲ್ಲಿ ಅಂಟಿಸಿದ ಚೀಟಿಯಲ್ಲಿಯೂ ಕಾಣಬಹುದು. ಅಲ್ಲಿ ಸದ್ಯಕ್ಕೆ ಸೇರಿಕೊಂಡಿರುವ ವಸ್ತುಗಳ ಪಟ್ಟಿ ಸಿಗುತ್ತದೆ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬೇಕು.

ಗುರುತಿಲ್ಲದ ಹೆಸರು ಕಂಡೊಡನೆ ನೆರೆಮನೆಯವರ ಮೇಲೆ ಸಂಶಯಪಡುವುದು ತರವಲ್ಲ. ಇತ್ತೀಚಿನ ಮೊಬೈಲುಗಳು ತಮ್ಮ ಮಾಲೀಕನ ಗುಟ್ಟು ಕಾಯುವ ಸಲುವಾಗಿ ತಮ್ಮ ನಿಜವಾದ ಯಂತ್ರವಿಳಾಸದ ಬದಲು ಬೇರೊಂದು ವಿಳಾಸವನ್ನು ತೋರಿಸುತ್ತವೆ. ಮನೆಯ ವಸ್ತುಗಳನ್ನು ಒಂದೊಂದಾಗಿ ಆರಿಸುತ್ತ ಹೋದರೆ ಪಟ್ಟಿಯಲ್ಲಿ ಯಾವುದು ಯಾವುದೆಂದು ತಿಳಿಯುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ಒಂದು ಹೆಸರು ಉಳಿದುಕೊಂಡರೆ ಅದು ಕರೆಯದೆ ಬಂದ ಅತಿಥಿ. ಅವನನ್ನು ಹುಡುಕಿಕೊಂಡು ಮಹಡಿ ಹತ್ತುವ ಅಗತ್ಯವಿಲ್ಲ. ಪಾಸ್‌ವರ್ಡ್ ಬದಲಾಯಿಸಿದರೆ ತಾನಾಗಿಯೇ ಹೊರಬೀಳುತ್ತಾನೆ.

ಎರಡು ಬೀಗಗಳು

ಈ ಪೆಟ್ಟಿಗೆಗೆ ಬೀಗಗಳು ಎರಡು. ಇದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಒಂದು ವೈಫೈ ಪಾಸ್‌ವರ್ಡು, ಅಂದರೆ ಮನೆಯ ಬಾಗಿಲಿನ ಬೀಗ. ಇನ್ನೊಂದು ರೂಟರಿನ ನಿರ್ವಹಣೆಯ ಪಾಸ್‌ವರ್ಡು. ಇದು ಬೀಗದ ಕೈಗಳನ್ನಿಡುವ ಪೆಟ್ಟಿಗೆಯ ಬೀಗ. ಮೊದಲನೆಯದನ್ನು ಬದಲಾಯಿಸಿದವರೂ ಎರಡನೆಯದನ್ನು ಮರೆತಿರುತ್ತಾರೆ. 2017ರಲ್ಲಿ ಕರ್ನಾಟಕದ ಮನೆಗಳಲ್ಲಿ ಸೋತದ್ದು ಈ ಎರಡನೆಯ ಬೀಗವೇ. ಇಂತಹ ಹುಟ್ಟು ಪಾಸ್‌ವರ್ಡುಗಳನ್ನು ಇಟ್ಟು ಮಾರುವುದನ್ನೇ ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕ ನಿಷೇಧಿಸಿದೆ. ಕೆಲವು ಸೇವಾದಾರರು ನಿರ್ವಹಣೆಯ ಪುಟವನ್ನು ಗ್ರಾಹಕರಿಗೆ ಪೂರ್ತಿಯಾಗಿ ತೆರೆದುಕೊಡುವುದಿಲ್ಲ. ಅಂತಹ ಮನೆಯವರು ಸೇವಾದಾರರನ್ನೇ ಕರೆದು, ತಮ್ಮೆದುರಿಗೆ ಬದಲಾಯಿಸಿ ಕೊಡುವಂತೆ ಕೇಳಬೇಕು.

ಇನ್ನು ವೈಫೈ ಬೀಗ. ಅದರಲ್ಲಿಯೂ ತಲೆಮಾರುಗಳಿವೆ. ಹಳೆಯ ‘ವೆಪ್’ ಎಂಬ ಬೀಗವನ್ನು ಒಡೆಯುವ ಬಗೆಯನ್ನು ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು 2001ರಲ್ಲೇ ತೋರಿಸಿಕೊಟ್ಟರು. 2004ರಲ್ಲಿ ಬಂದ ಡಬ್ಲ್ಯು.ಪಿ.ಎ. 2 ಇಂದಿಗೂ ಕೆಲಸಕ್ಕೆ ಬರುವಂಥದು. 2018ರಲ್ಲಿ ಬಂದ ಡಬ್ಲ್ಯು.ಪಿ.ಎ. 3 ಅದಕ್ಕಿಂತ ಮೇಲು. ನಿರ್ವಹಣೆಯ ಪುಟದಲ್ಲಿ ಇವೆರಡರಲ್ಲಿ ಒಂದನ್ನು ಆರಿಸಿರಬೇಕು. ‘ವೆಪ್’ ಎಂದಿದ್ದರೆ ಬಾಗಿಲಿಗೆ ಬೀಗವಿಲ್ಲವೆಂದೇ ತಿಳಿಯತಕ್ಕದ್ದು.

ಬೀಗ ಎಷ್ಟು ಗಟ್ಟಿಯಿದ್ದರೂ ಪಾಸ್‌ವರ್ಡು ಎಳಸಾಗಿದ್ದರೆ ಪ್ರಯೋಜನವಿಲ್ಲ. ನಮ್ಮ ಮನೆಗಳಲ್ಲಿ ಯಜಮಾನರ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡಾಗಿ ಇಡುವ ವಾಡಿಕೆಯಿದೆ. ಹತ್ತು ಅಂಕಿಗಳು, ಯಾರು ತಾನೆ ಊಹಿಸಿಯಾರು ಎಂಬ ಧೈರ್ಯ. ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಭಾರತದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಮೊದಲಾಗುತ್ತವೆ. ಆದುದರಿಂದ ಸಾಧ್ಯವಿರುವ ಸಂಖ್ಯೆಗಳು ಒಟ್ಟು 400 ಕೋಟಿ. ಡಬ್ಲ್ಯು.ಪಿ.ಎ. 2 ಇರುವ ಮನೆಯ ಮೊಬೈಲು ವೈಫೈಗೆ ಸೇರುವ ಕ್ಷಣದಲ್ಲಿ ನಡೆಯುವ ಗುಟ್ಟಿನ ಸಂಭಾಷಣೆಯನ್ನು ಹೊರಗೆ ನಿಂತವನು ಒಮ್ಮೆ ಹಿಡಿದುಕೊಂಡರೆ, ಮಿಕ್ಕ ಊಹೆಯನ್ನೆಲ್ಲ ತನ್ನ ಮನೆಯಲ್ಲಿ ಕುಳಿತೇ ಮಾಡಬಹುದು. ಚಿತ್ರಗಳ ಆಟಕ್ಕೆಂದು ಮಾರುವ ಇಂದಿನ ಉತ್ತಮ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ 10 ಲಕ್ಷಕ್ಕಿಂತ ಹೆಚ್ಚು ಊಹೆಗಳನ್ನು ಪರೀಕ್ಷಿಸಬಲ್ಲದು. 10 ಲಕ್ಷವೆಂದೇ ಹಿಡಿದರೂ ದೇಶದ ಎಲ್ಲ ಮೊಬೈಲ್ ಸಂಖ್ಯೆಗಳನ್ನು ಮುಗಿಸಲು 4,000 ಸೆಕೆಂಡು, ಅಂದರೆ ಒಂದು ಗಂಟೆ ಏಳು ನಿಮಿಷ ಸಾಕು.

ಹುಟ್ಟಿದ ದಿನಾಂಕವನ್ನು ಇಟ್ಟವರ ಪಾಡು ಇನ್ನೂ ಕಷ್ಟ. ನೂರು ವರ್ಷಗಳಲ್ಲಿ ಇರುವ ದಿನಗಳು ಸುಮಾರು 36,525 ಮಾತ್ರ. ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಇದಕ್ಕೆ ಪ್ರತಿಯಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದು ನಡುವೆ ಒಂದೆರಡು ಅಂಕಿ ಸೇರಿಸಿದರೆ, ಮನೆಯವರಿಗೆ ನೆನಪಿಡಲೂ ಸುಲಭ, ಕಳ್ಳನಿಗೆ ಊಹಿಸಲೂ ದುಸ್ಸಾಧ್ಯ. ಪದಗಳು ಮಾತ್ರ ಹಾಡಿನ ಸಾಲೋ ಗಾದೆಯೋ ಆಗಿರಬಾರದು. ಎಲ್ಲರ ಬಾಯಲ್ಲಿರುವುದು ಕಳ್ಳನ ಪಟ್ಟಿಯಲ್ಲಿಯೂ ಇರುತ್ತದೆ.

ಅರ್ಧ ಗುಟ್ಟು ಬಿಡುವ ಬೀಗ

ರೂಟರಿನ ಮೈಮೇಲೆ ‘ಡಬ್ಲ್ಯು.ಪಿ.ಎಸ್.’ ಎಂಬ ಒಂದು ಗುಂಡಿ ಇರುವುದುಂಟು. ಉದ್ದನೆಯ ಪಾಸ್‌ವರ್ಡ್ ಬರೆಯುವ ತೊಂದರೆಯಿಲ್ಲದೆ ಹೊಸ ವಸ್ತುವನ್ನು ಜಾಲಕ್ಕೆ ಸೇರಿಸಲೆಂದು ಮಾಡಿದ ಅನುಕೂಲವಿದು. ಇದರಲ್ಲಿ 8 ಅಂಕಿಗಳ ಒಂದು ಸಂಕೇತಸಂಖ್ಯೆಯೂ ಅಡಗಿರುತ್ತದೆ. ಎಂಟು ಅಂಕಿಯೆಂದರೆ 10 ಕೋಟಿ ಸಾಧ್ಯತೆಗಳು. ಸಾಕಷ್ಟು ಭದ್ರವೆಂದೇ ಎಲ್ಲರೂ ಭಾವಿಸಿದ್ದರು. 2011ರ ಡಿಸೆಂಬರ್‌ನಲ್ಲಿ ಸ್ಟೆಫಾನ್ ಫೀಬೊಕ್ ಎಂಬ ಸಂಶೋಧಕರು ಇದರ ಹುಳುಕನ್ನು ಬಯಲು ಮಾಡಿದರು. ಈ ಬೀಗವು ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂಬುದನ್ನು ಪ್ರತ್ಯೇಕವಾಗಿ ಹೇಳಿಬಿಡುತ್ತಿತ್ತು! ಕೊನೆಯ ಅಂಕಿಯಂತೂ ಮಿಕ್ಕವುಗಳಿಂದ ಲೆಕ್ಕ ಹಾಕಿ ಪಡೆಯುವಂಥದು. ಆದುದರಿಂದ ಮೊದಲರ್ಧಕ್ಕೆ 10,000, ಉಳಿದುದಕ್ಕೆ 1,000, ಒಟ್ಟು 11,000 ಪ್ರಯತ್ನಗಳೊಳಗೆ ಬಾಗಿಲು ತೆರೆಯುತ್ತದೆ. ಮನೆಯವರು ಪಾಸ್‌ವರ್ಡನ್ನು ಎಷ್ಟು ಜಾಣತನದಿಂದ ಆರಿಸಿದ್ದರೂ ಈ ಪಕ್ಕದ ಬಾಗಿಲು ಅದನ್ನು ವ್ಯರ್ಥಗೊಳಿಸುತ್ತದೆ. ಅನಂತರದ ರೂಟರುಗಳಲ್ಲಿ ತಪ್ಪು ಪ್ರಯತ್ನಗಳಿಗೆ ತಡೆಯೊಡ್ಡುವ ಏರ್ಪಾಡು ಬಂದಿದೆ. ಆದರೂ ನಿರ್ವಹಣೆಯ ಪುಟದಲ್ಲಿ ಇದನ್ನು ಆರಿಸಿಬಿಡುವುದೇ ವಿಹಿತ.

ಕಿಂಡಿಗಳ ಶೋಧ

ಮುಂದಿನದು ಪರೀಕ್ಷೆಯ ಮುಖ್ಯ ಭಾಗ. ಜಾಲದಲ್ಲಿರುವ ಪ್ರತಿಯೊಂದು ವಸ್ತುವಿಗೂ 65,535 ಕಿಂಡಿಗಳಿರುತ್ತವೆಂದು ಕಲ್ಪಿಸಿಕೊಳ್ಳಬಹುದು. ತಜ್ಞರು ಇವನ್ನು ‘ಪೋರ್ಟ್’ ಎನ್ನುತ್ತಾರೆ. ಬಹುಪಾಲು ಕಿಂಡಿಗಳು ಮುಚ್ಚಿಯೇ ಇರುತ್ತವೆ. ಒಂದೊಂದು ಕೆಲಸಕ್ಕೆ ಒಂದೊಂದು ತೆರೆಯುತ್ತದೆ. ಕೆರೆಗೆ ತೂಬು ಇರಬೇಕಾದದ್ದೇ. ಯಾವ ತೂಬು ಏತಕ್ಕೆ ತೆರೆದಿದೆಯೆಂದು ಗೊತ್ತಿರಬೇಕು, ಅಷ್ಟೆ.

ಕಿಂಡಿಗಳನ್ನು ತಟ್ಟಿ ನೋಡಲು ‘ಎನ್‌ಮ್ಯಾಪ್’ ಎಂಬ ತಂತ್ರಾಂಶವಿದೆ. ಗಾರ್ಡನ್ ಲಯನ್ ಎಂಬವರು 1997ರಲ್ಲಿ ಇದನ್ನು ಹೊರತಂದರು. ಇಂದಿಗೂ ಉಚಿತವಾಗಿ ದೊರೆಯುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇದನ್ನು ಹಾಕಿಕೊಂಡು ಮನೆಯ ಒಳವಿಳಾಸಗಳನ್ನು ಪರೀಕ್ಷಿಸಿದರೆ, ಯಾವ ವಸ್ತುವಿನ ಯಾವ ಕಿಂಡಿ ತೆರೆದಿದೆಯೆಂದು ಕೆಲವು ನಿಮಿಷಗಳಲ್ಲಿ ಪಟ್ಟಿ ಸಿಗುತ್ತದೆ. ಎಲ್ಲ ಸಂಖ್ಯೆಗಳಿಗೂ ಹೆದರಬೇಕಾಗಿಲ್ಲ. ರೂಟರಿನ ನಿರ್ವಹಣೆಯ ಪುಟಕ್ಕೆ 80 ಅಥವಾ 443 ತೆರೆದಿರುವುದು ಸಹಜ. ಆದರೆ 23 ತೆರೆದಿದ್ದರೆ ಎಚ್ಚರ. ‘ಟೆಲ್ನೆಟ್’ ಎಂಬ ಹಳೆಯ ಕಾಲದ ಈ ದಾರಿಯಿಂದಲೇ ಮಿರಾಯ್ ಒಳನುಗ್ಗಿದ್ದು. 445 ಎಂಬುದು ವಿಂಡೋಸ್ ಕಂಪ್ಯೂಟರುಗಳು ಕಡತ ಹಂಚಿಕೊಳ್ಳುವ ಕಿಂಡಿ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶ ಇದರ ಮೂಲಕವೇ ದೇಶದೇಶಗಳನ್ನು ಸುತ್ತಿತು. 7547 ಎಂಬುದು ಸೇವಾದಾರರು ದೂರದಿಂದ ರೂಟರನ್ನು ನಿರ್ವಹಿಸಲು ಬಳಸುವ ಕಿಂಡಿ. 2016ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಇದರ ಮೇಲೆ ನಡೆದ ದಾಳಿಯಿಂದ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಅಸ್ತವ್ಯಸ್ತವಾಯಿತು.

ಒಳಗಿನಿಂದ ನೋಡಿದರೆ ಅರ್ಧ ಪರೀಕ್ಷೆ ಮಾತ್ರ. ಹೊರಗಿನಿಂದ ಮನೆ ಹೇಗೆ ಕಾಣುತ್ತದೆಂಬುದೂ ತಿಳಿಯಬೇಕು. ಇದಕ್ಕೆ ಮೊದಲು ಒಂದು ಹೋಲಿಕೆ ಅವಶ್ಯಕ. ರೂಟರಿನ ಪುಟದಲ್ಲಿ ಬರೆದಿರುವ ಹೊರವಿಳಾಸವೂ, ‘ನನ್ನ ಐ.ಪಿ. ವಿಳಾಸ ಯಾವುದು’ ಎಂದು ಇಂಟರ್‌ನೆಟ್ಟಿನಲ್ಲಿ ಕೇಳಿದಾಗ ಬರುವ ಉತ್ತರವೂ ಒಂದೇ ಆಗಿದೆಯೇ ಎಂದು ನೋಡಬೇಕು. ಬೇರೆಯಾಗಿದ್ದರೆ, ಸೇವಾದಾರರು ಅನೇಕ ಮನೆಗಳಿಗೆ ಒಂದೇ ವಿಳಾಸವನ್ನು ಹಂಚಿದ್ದಾರೆಂದು ಅರ್ಥ. ಆಗ ಹೊರಗಿನಿಂದ ತಟ್ಟಿದರೆ ತಟ್ಟಿದಂತಾಗುವುದು ಸೇವಾದಾರರ ಬಾಗಿಲನ್ನು. ಎರಡೂ ಒಂದೇ ಆಗಿದ್ದರೆ ಮಾತ್ರ ‘ಷೀಲ್ಡ್ಸ್ ಅಪ್’ನಂತಹ ಉಚಿತ ಪರೀಕ್ಷಾ ಸೇವೆಯನ್ನು ಬಳಸಬಹುದು. ಸಾಮಾನ್ಯ ಸಂಸಾರದ ಮನೆಯಲ್ಲಿ ಹೊರಗಿನಿಂದ ಒಂದೂ ಕಿಂಡಿ ತೆರೆದು ಕಾಣಬಾರದು. ಕಂಡರೆ, ಅದಕ್ಕೆ ಎರಡು ಕಾರಣಗಳು ಸಾಮಾನ್ಯ. ‘ದೂರದಿಂದ ನಿರ್ವಹಣೆ’ ಎಂಬ ಸೌಲಭ್ಯ ಚಾಲೂ ಇರುವುದು ಒಂದು; ‘ಯು.ಪಿ.ಎನ್.ಪಿ.’ ಎಂಬ ಏರ್ಪಾಡು ಇನ್ನೊಂದು. ಈ ಎರಡನೆಯದು ಮನೆಯೊಳಗಿನ ವಸ್ತುಗಳು ಯಜಮಾನನನ್ನು ಕೇಳದೆಯೇ ರೂಟರಿಗೆ ಹೇಳಿ ಹೊರಬಾಗಿಲು ತೆಗೆಸಿಕೊಳ್ಳಲು ಅವಕಾಶ ಕೊಡುತ್ತದೆ. ಎರಡನ್ನೂ ಆರಿಸುವುದು ಕ್ಷೇಮ.

ಇನ್ನೊಂದು ವಿಷಯ. ‘ಐ.ಪಿ.ವಿ.6’ ಎಂಬ ಹೊಸ ವಿಳಾಸ ಪದ್ಧತಿ ಈಗ ಭಾರತದಲ್ಲಿ ಬಹುವಾಗಿ ಬಳಕೆಗೆ ಬಂದಿದೆ. ಇದರಲ್ಲಿ ಮನೆಯ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಹೊರವಿಳಾಸವಿರಬಹುದು. ಆದುದರಿಂದ ರೂಟರಿನ ‘ಫೈರ್‌ವಾಲ್’ ಈ ಪದ್ಧತಿಗೂ ಚಾಲೂ ಇದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಕಾವಲಿನ ಕಣ್ಣಿಗೂ ಕಾವಲು

ಕಳ್ಳರ ಭಯದಿಂದ ಮನೆಗೆ ಕ್ಯಾಮೆರಾ ಹಾಕಿಸುತ್ತಾರೆ. ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ ಮನೆಯವರ ಕಣ್ಣಾಗಿರುವಂತೆಯೇ ಪರರ ಕಣ್ಣೂ ಆಗಬಲ್ಲದು. ಇಂಟರ್‌ನೆಟ್ಟಿಗೆ ತೆರೆದುಕೊಂಡಿರುವ ಇಂತಹ ವಸ್ತುಗಳನ್ನು ಹುಡುಕಿ ಪಟ್ಟಿ ಮಾಡುವ ‘ಷೋಡನ್’ ಎಂಬ ಶೋಧಯಂತ್ರ 2009ರಿಂದಲೂ ಇದೆ. ಭಾರತದಲ್ಲಿ 2025ರ ಏಪ್ರಿಲ್‌ನಿಂದ ಸಿ.ಸಿ. ಕ್ಯಾಮೆರಾಗಳಿಗೆ ಭದ್ರತೆಯ ಪರೀಕ್ಷೆ ಕಡ್ಡಾಯವಾಗಿದೆ. ಅದಕ್ಕೆ ಮೊದಲು ಕೊಂಡು ಗೋಡೆಗೆ ತೂಗುಹಾಕಿದ ಕ್ಯಾಮೆರಾಗಳ ಹೊಣೆ ಮನೆಯವರದೇ.

ಕ್ಯಾಮೆರಾ, ಟೆಲಿವಿಷನ್, ಮಾತಾಡುವ ಸ್ಪೀಕರು ಮುಂತಾದವನ್ನು ರೂಟರಿನ ‘ಅತಿಥಿ ವೈಫೈ’ಗೆ ಸೇರಿಸುವುದು ಒಳ್ಳೆಯ ಉಪಾಯ. ಬಂದವರನ್ನು ಪಡಸಾಲೆಯಲ್ಲಿ ಕೂರಿಸಿದಂತೆ ಅವು ಹೊರಗೇ ಇರುತ್ತವೆ. ಬ್ಯಾಂಕಿನ ವ್ಯವಹಾರ ನಡೆಯುವ ಕಂಪ್ಯೂಟರು, ಆಫೀಸಿನ ಲ್ಯಾಪ್‌ಟಾಪುಗಳು ಒಳಮನೆಯಲ್ಲಿ ಉಳಿಯುತ್ತವೆ. ಮನೆಗೆ ಬಂದ ನೆಂಟರ ಮಕ್ಕಳಿಗೂ ಇದೇ ವೈಫೈ ಕೊಟ್ಟರೆ ಬೇಸರಕ್ಕೆಡೆಯಿಲ್ಲ.

ಕಡೆಯದಾಗಿ ರೂಟರಿನೊಳಗಣ ತಂತ್ರಾಂಶದ ವಯಸ್ಸು. 2018ರ ಮೇ ತಿಂಗಳಲ್ಲಿ 54 ದೇಶಗಳ ಕನಿಷ್ಠ 5 ಲಕ್ಷ ರೂಟರ್ ಮೊದಲಾದ ಯಂತ್ರಗಳಿಗೆ ‘ವಿ.ಪಿ.ಎನ್.ಫಿಲ್ಟರ್’ ಎಂಬ ಕೇಡು ತಗಲಿರುವುದು ಬೆಳಕಿಗೆ ಬಂದಾಗ, ಅಮೆರಿಕದ ಎಫ್.ಬಿ.ಐ. ಜನರಿಗೆ ರೂಟರನ್ನು ಒಮ್ಮೆ ಆರಿಸಿ ಹಚ್ಚಿರೆಂದು ಹೇಳಬೇಕಾಯಿತು. ಆರಿಸಿ ಹಚ್ಚುವುದು ತಾತ್ಕಾಲಿಕ ಚಿಕಿತ್ಸೆ; ತಯಾರಕರು ಹೊರಡಿಸುವ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದೇ ಮದ್ದು. ತಯಾರಕರೇ ಕೈಬಿಟ್ಟ ಹಳೆಯ ರೂಟರಿಗೆ ಮದ್ದಿಲ್ಲ. ಅದನ್ನು ಬದಲಾಯಿಸುವ ವೆಚ್ಚ, ಅದರಿಂದ ಬರಬಹುದಾದ ನಷ್ಟಕ್ಕಿಂತ ಕಡಿಮೆ.

ತನ್ನ ಏರಿ, ತನ್ನ ಹೊಣೆ

ಈ ಪರೀಕ್ಷೆಗೆ ಒಂದು ಗಡಿಯಿದೆ, ಅದನ್ನು ದಾಟಬಾರದು. ತನ್ನ ಮನೆಯ ಕಿಂಡಿಯನ್ನು ತಾನು ತಟ್ಟುವುದು ಜಾಣತನ; ನೆರೆಯವರ ಜಾಲದೊಳಕ್ಕೆ ಅಪ್ಪಣೆಯಿಲ್ಲದೆ ಹೋಗುವುದು ಅಪರಾಧ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಪ್ರಕರಣಗಳ ಮೇರೆಗೆ ಇದಕ್ಕೆ 3 ವರ್ಷಗಳವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಹೊಸದಾಗಿ ವಿದ್ಯೆ ಕಲಿತ ಹುಡುಗರಿಗೆ ಎದುರುಮನೆಯ ಮೇಲೆ ಪ್ರಯೋಗ ಮಾಡುವ ಉತ್ಸಾಹ ಹುಟ್ಟುವುದು ಸ್ವಾಭಾವಿಕ. ಈ ಮಾತನ್ನು ಹಿರಿಯರು ಮೊದಲೇ ತಿಳಿಹೇಳುವುದು ಒಳಿತು. ಮಾಲೀಕರ ವೈಫೈ ಬಳಸುವ ಬಾಡಿಗೆದಾರರೂ ಪಿ.ಜಿ. ವಸತಿಗಳ ವಾಸಿಗಳೂ ಮೊದಲು ಮಾಲೀಕರ ಒಪ್ಪಿಗೆ ಪಡೆಯಬೇಕು.

ಕೇಡು ಆಗಿಯೇ ಹೋದರೆ? ರೂಟರಿನ ಹಿಂದಿರುವ ಸಣ್ಣ ‘ರೀಸೆಟ್’ ರಂಧ್ರವನ್ನು ಕಡ್ಡಿಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದು ಹುಟ್ಟಿದಾಗಿನ ಸ್ಥಿತಿಗೆ ಮರಳುತ್ತದೆ. ಒಡನೆಯೇ ಎರಡೂ ಬೀಗಗಳನ್ನು ಹೊಸದಾಗಿ ಹಾಕಬೇಕು. ಸೇವಾದಾರರ ಹೊಂದಿಕೆಗಳೂ ಇದರಿಂದ ಅಳಿಯಬಹುದಾದ್ದರಿಂದ ಮುಂಚೆಯೇ ಅವರಿಗೊಂದು ಮಾತು ತಿಳಿಸುವುದು ಮೇಲು. ಕೇಡಿನ ತಂತ್ರಾಂಶವನ್ನು ತೆಗೆಯುವ ಉಚಿತ ಸಾಧನಗಳು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದಲ್ಲಿ ದೊರೆಯುತ್ತವೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳೇ ಮುಖ್ಯ. ದೇಶದ ಮೊದಲನೆಯ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ ಎಂಬುದನ್ನು ನೆನೆದರೆ, ದೂರು ಕೊಡಲು ಈ ಊರಿನವರು ಸಂಕೋಚಪಡಬೇಕಾದ ಕಾರಣವಿಲ್ಲ.

ಈ ಕೆಲಸ ಒಮ್ಮೆ ಮಾಡಿ ಮರೆಯುವಂಥದಲ್ಲ. ಏಡಿ ಪ್ರತಿವರ್ಷವೂ ಬಿಲ ತೋಡುತ್ತದೆ. ವರ್ಷಕ್ಕೆರಡು ಬಾರಿಯಾದರೂ ಏರಿಯ ಮೇಲೆ ನಡೆದು ಬರಬೇಕು. ಅದಕ್ಕೆ ದಿನ ಹುಡುಕುವ ಶ್ರಮವೂ ನಮ್ಮವರಿಗಿಲ್ಲ. ಯುಗಾದಿಗೆ ಮನೆಯನ್ನು ಹೇಗೂ ಗುಡಿಸಿ ಸಾರಿಸುತ್ತಾರೆ. ಆಯುಧಪೂಜೆಗೆ ಸ್ಕೂಟರು, ಕಾರು, ಲ್ಯಾಪ್‌ಟಾಪುಗಳನ್ನೆಲ್ಲ ಒರೆಸಿ, ಕುಂಕುಮವಿಟ್ಟು, ಹೂವೇರಿಸುತ್ತಾರೆ. ಆಯುಧಕ್ಕೆ ಪೂಜೆಯೆಂದರೆ ಮೊದಲು ಅದರ ತುಕ್ಕು ತೆಗೆದು, ಅಲಗು ನೋಡಿ, ಹಿಡಿ ಬಿಗಿ ಮಾಡುವುದೆಂದೇ ಹಿಂದಿನವರು ತಿಳಿದಿದ್ದರು. ಮುಂದಿನ ಆಯುಧಪೂಜೆಯಂದು ಆ ಹಸಿರು ದೀಪದ ಪೆಟ್ಟಿಗೆಯನ್ನೂ ಕೆಳಗಿಳಿಸಿ, ಧೂಳೊರೆಸಿ, ತಳದ ಚೀಟಿಯನ್ನು ಓದಿ, ಬೀಗಗಳೆರಡನ್ನೂ ಬದಲಾಯಿಸಿ, ಆಮೇಲೆ ಕುಂಕುಮವಿಡಲಿ.